ಕೊನೆಯ ಕಾಲಾಳನ್ನು ಹೊಡೆಯದ ವೆಂಕಟಗಿರಿ

ವೆಂಕಟಗಿರಿ ಬದುಕಿದ್ದು ನಲವತ್ತಮೂರೇ ವರ್ಷ. ಬುದ್ಧಿ ಬಂದಾಗಿನಿಂದ ಚೆಸ್ ಆಡಿದರು, ಬಹುಪಾಲು ಸೋತರು. ಟೆಕ್ಸಸ್‌ನಲ್ಲಿ, ದ ಡೊಮೇನ್ ಎಂಬ ಆಫೀಸು ಬಡಾವಣೆಯಲ್ಲಿ ಸಾಫ್ಟ್‌ವೇರ್ ಕೆಲಸ, ಹತ್ತಿರದ ಲಿಯಾಂಡರ್ ಊರಿನಲ್ಲಿ ಮನೆ. ಶನಿವಾರ ಬಂತೆಂದರೆ ಡಾಲಸ್ಸೋ ಹ್ಯೂಸ್ಟನ್ನೋ, ಎಲ್ಲಿ ಟೂರ್ನಮೆಂಟ್ ಇದೆಯೋ ಅಲ್ಲಿಗೆ ಸವಾರಿ. ಹೆಂಡತಿ ನಳಿನಿ ಮೈಸೂರಿನವಳು, ಚೆಸ್‌ನ ಗಂಧಗಾಳಿ ಇಲ್ಲ. ಆದರೂ ಚಿತ್ರಾನ್ನದ ಡಬ್ಬಿ ಹಿಡಿದು ಜೊತೆಗೆ ಹೋಗುತ್ತಿದ್ದಳು. ಸೋತ ದಿನ ಗಂಡನಿಗೆ ಹಸಿವು ಜಾಸ್ತಿ ಎಂಬುದು ಅವಳಿಗೆ ಗೊತ್ತಿತ್ತು.

ಆಟ ಕಲಿಸಿದ್ದು ಧಾರವಾಡದ ಅಜ್ಜ. ಅಜ್ಜನದು ಹಳೆಯ ಪದ್ಧತಿ: ಎದುರಾಳಿಯ ಕಾಯಿಗಳನ್ನೆಲ್ಲ ಹೊಡೆದು ರಾಜನನ್ನು ಒಂಟಿ ಮಾಡಿದರೆ ಆಟ ಸಮ, ಗೆಲುವಲ್ಲ. ಒಂದು ಕಾಯಿಯನ್ನಾದರೂ ಉಳಿಸಿಯೇ ರಾಜನನ್ನು ಕಟ್ಟಿಹಾಕಬೇಕು. ಟೆಕ್ಸಸ್‌ನಲ್ಲಿ ಈ ನಿಯಮಕ್ಕೆ ಕವಡೆ ಕಿಮ್ಮತ್ತಿಲ್ಲ. ವೆಂಕಟಗಿರಿಗೂ ಅದು ಗೊತ್ತು. ಗೊತ್ತಿದ್ದೂ ಕೊನೆಯ ಕಾಯಿ ಹೊಡೆಯಲು ಕೈ ಬರುತ್ತಿರಲಿಲ್ಲ. ಹಾಗೆ ಉಳಿಸಿದ ಕಾಲಾಳು ಆಚೆ ತುದಿ ಮುಟ್ಟಿ ಮಂತ್ರಿಯಾಗಿ, ಗೆದ್ದ ಆಟ ಎಷ್ಟೋ ಸಲ ಕೈಬಿಟ್ಟು ಹೋಗಿತ್ತು. ಗೆಳೆಯ ಅವಿನಾಶ್ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದ.

ಹೃದಯ ದುರ್ಬಲವಾಗಿದೆ, ಆಯಾಸ ಬೇಡ ಎಂದು ಡಾಕ್ಟರು ಹೇಳಿದ ದಿನ ನಳಿನಿ ಪಟ್ಟು ಹಿಡಿದಳು.

"ರೀ, ಇನ್ನು ಸಾಕು. ಊಟ ಇಲ್ಲ, ನಿದ್ದೆ ಇಲ್ಲ, ಬರೀ ಟೆನ್ಷನ್. ಬಿಟ್ಬಿಡಿ."

"ಒಂದ ಸಲ ಪೈಲಾ ನಂಬರ್ ಬರತೇನಿ. ಆಮ್ಯಾಲೆ ಬೋರ್ಡ್ ಮುಟ್ಟಂಗಿಲ್ಲ, ನಿನ್ನಾಣಿ."

ಅಂದಿನಿಂದ ನಳಿನಿ ದೇವರ ಮುಂದೆ ಗಂಡನ ಗೆಲುವನ್ನು ಬೇಡತೊಡಗಿದಳು. ಗೆದ್ದರೆ ಆಟ ಬಿಡುತ್ತಾರೆ, ಬಿಟ್ಟರೆ ಉಳಿಯುತ್ತಾರೆ. ಅವಳ ಲೆಕ್ಕ ಅಷ್ಟೇ.

ಆ ಗೆಲುವು ಡಾಲಸ್‌ನಲ್ಲಿ ಬಂತು. ಕೊನೆಯ ಸುತ್ತು, ಎದುರಿಗೆ ಬಿಳಿಗಡ್ಡದ ಅಮೆರಿಕನ್ನರೊಬ್ಬರು. ಅವರ ಬಳಿ ಮೂಲೆಯಲ್ಲೊಬ್ಬ ರಾಜ, ಹತ್ತಿರದಲ್ಲೇ ಒಂದು ಕಾಲಾಳು. ವೆಂಕಟಗಿರಿಯ ಮಂತ್ರಿ ಆ ಕಾಲಾಳನ್ನು ಪುಕ್ಕಟೆ ನುಂಗಬಹುದಿತ್ತು. ಅವರು ಕೈ ಚಾಚಿದರು, ಹಿಂದೆಳೆದುಕೊಂಡರು, ತಮ್ಮ ರಾಜನನ್ನು ಒಂದು ಮನೆ ಮುಂದಿಟ್ಟರು. ಬಾಗಿಲಲ್ಲಿ ನಿಂತಿದ್ದ ನಳಿನಿ, ಈ ಸಲವೂ ಸೋತರು ಎಂದುಕೊಂಡು ಚಿತ್ರಾನ್ನದ ಡಬ್ಬಿ ಹೊರತೆಗೆದಳು. ಸ್ವಲ್ಪ ಹೊತ್ತಿಗೆ ಬಿಳಿಗಡ್ಡದವರು ಎದ್ದು ನಗುತ್ತ ಕೈ ಕುಲುಕಿದರು.

"ಅತ್ತಿಗೆ, ಅದನ್ನ ಹೊಡೆದಿದ್ರೆ ಆ ರಾಜನಿಗೆ ಕಾಲಿಡೋಕೆ ಜಾಗನೇ ಇರ್ತಿರ್ಲಿಲ್ಲ. ಚೆಕ್ ಇಲ್ದೆ ಆಡೋಕೆ ನಡೆ ಇಲ್ಲ ಅಂದ್ರೆ ಆಟ ಡ್ರಾ. ಫಸ್ಟ್ ಪ್ರೈಸ್ ಹೋಗ್ತಿತ್ತು," ಎಂದ ಅವಿನಾಶ್, ಇನ್ನೂ ನಂಬಲಾಗದೆ. "ಎಂಥ ಕ್ಯಾಲ್ಕ್ಯುಲೇಷನ್!"

ವೆಂಕಟಗಿರಿ ಕಪ್ ಹಿಡಿದು ನಿಂತು ಎಲ್ಲರೆದುರೇ ನಿಜ ಹೇಳಿಬಿಟ್ಟರು: ತಾವು ಏನೂ ಲೆಕ್ಕ ಹಾಕಲಿಲ್ಲ, ಅಜ್ಜನ ಮಾತು ಮೀರಲಾಗಲಿಲ್ಲ. ನಳಿನಿಗೆ ಮೈಯೆಲ್ಲ ಉರಿಯಿತು. ಸುಮ್ಮನಿದ್ದು ಬುದ್ಧಿವಂತ ಅನಿಸಿಕೊಳ್ಳಲು ಈ ಮನುಷ್ಯನಿಗೆ ಏನು ಧಾಡಿ?

ವಾಪಸ್ ಬರುವಾಗ ಅವಳೇ ಡ್ರೈವ್ ಮಾಡುತ್ತಿದ್ದಳು. ಅರ್ಧ ದಾರಿಯ ವೇಕೊ ಊರು ದಾಟಿದ ಮೇಲೆ ಅವರು ಮೆಲ್ಲಗೆ, "ಮುಗೀತು, ನಳಿನಿ. ಮಾತು ಅಂದ್ರ ಮಾತು," ಎಂದರು. ಬೇಸರವಿಲ್ಲದೆ, ನಗುತ್ತಲೇ ಹೇಳಿದರು. ಎರಡು ವರ್ಷದಿಂದ ಕಾದಿದ್ದ ಮಾತು ಅದು. ಕೇಳಿದಾಗ ಮಾತ್ರ ನಳಿನಿಗೆ ಅಳು ಬಂತು. ಮುಂದಿನ ಶನಿವಾರ ಈ ಮನುಷ್ಯ ಮನೆಯಲ್ಲಿ ಕೂತು ಏನು ಮಾಡಬೇಕು ಎಂದು ಅವಳು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

"ಹ್ಯೂಸ್ಟನ್‌ದು ಯಾವತ್ತು?" ಎಂದಳು.

"ಆಣಿ ಮಾಡೀನಲ್ಲ?"

"ಆಣೆ ನನ್ನ ಮೇಲೆ ತಾನೆ? ನಾನೇ ಬಿಡಿಸಿದೀನಿ. ಹೆಸರು ಕೊಡಿ, ಸುಮ್ನೆ."

ಹ್ಯೂಸ್ಟನ್‌ನಲ್ಲಿ ಆಡಿದ ಆಟವೆಲ್ಲ ಸೋತರು. ಅಲ್ಲಿನ ಭಾರತೀಯರ ಅಂಗಡಿಬೀದಿ ಹಿಲ್‌ಕ್ರಾಫ್ಟ್‌ನಲ್ಲಿ ಹೊಟ್ಟೆ ಬಿರಿಯ ದೋಸೆ ತಿಂದು, ಒಂದೊಂದು ಸೋಲನ್ನೂ ಬಣ್ಣಿಸುತ್ತ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮುಂದಿನ ಯುಗಾದಿಗೆ ಅವರಿರಲಿಲ್ಲ.

ಆಟ ಬಿಡಿಸಿದ್ದರೆ ಇನ್ನೊಂದಿಷ್ಟು ದಿನ ಇರುತ್ತಿದ್ದರೇನೋ ಎಂದು ಸಮಾಧಾನ ಹೇಳಲು ಬಂದವರು ಹೇಳಿದರು. ಇರುತ್ತಿದ್ದರೇನೋ. ನಳಿನಿ ವಾದ ಮಾಡಲಿಲ್ಲ.

"ಅವರು ಹ್ಯೂಸ್ಟನ್‌ನಲ್ಲಿ ನಕ್ಕಿದ್ದನ್ನ ನೀವು ನೋಡಿಲ್ಲ," ಎಂದಳು. "ನಾನು ನೋಡಿದೀನಿ."