ಮನೆ ಸುತ್ತಿ ಬಂದ ವೈರು

ಕಳೆದ ವಾರ ಹಿತ್ತಲಿನ ಗೋಡೆಯ ಮೇಲಿದ್ದ ಇಂಟರ್ನೆಟ್ ವೈರನ್ನು ಎಳೆದಾಗ ಅದರ ಪ್ಲಾಸ್ಟಿಕ್ಕು ಒಣಗಿದ ಈರುಳ್ಳಿ ಸಿಪ್ಪೆಯ ಹಾಗೆ ಕೈಯಲ್ಲೇ ಉದುರಿತು. ಹಾಕಿದಾಗ ನೀಲಿ ಬಣ್ಣವಿತ್ತು, ಈಗ ಯಾವ ಬಣ್ಣವೆಂದು ಹೇಳುವುದು ಕಷ್ಟ. ಗೋಡೆಗೆ ಹೊಡೆದ ಬಿಳಿ ಕ್ಲಿಪ್ಪುಗಳು ಮಾತ್ರ ಒಂದೂ ಅಲುಗಾಡಿರಲಿಲ್ಲ. ಹೊಡೆದವನು ಈಗಿಲ್ಲ...

ನಂದಗುಡಿಯ ಹೈಸ್ಕೂಲಿನಲ್ಲಿ ಅವನು ನನ್ನ ಪಕ್ಕದಲ್ಲೇ, ಒಂದೇ ಬೆಂಚಿನಲ್ಲಿ ಕೂತವನು. ನನ್ನ ಡಬ್ಬಿಯ ಹುರುಳಿಕಾಳಿನ ಪಲ್ಯ ಅವನಿಗೆ, ಅವನು ಬಿಡಿಸಿದ ಲೆಕ್ಕಗಳು ನನಗೆ, ಅದು ನಮ್ಮ ಒಪ್ಪಂದ. ಮಹಾ ಬಾಯಿಬಡಕ. ಮುಂದೆ ಸುತ್ತಲ ಹಳ್ಳಿಗಳಿಗೆ ಟಿವಿ ಕೇಬಲ್ಲು, ಆಮೇಲೆ ಇಂಟರ್ನೆಟ್ಟು ಎಳೆಯುವ ಕೆಲಸ ಹಿಡಿದ. ಬೈಕಿಗೆ ಏಣಿ ಕಟ್ಟಿಕೊಂಡು ಹೊರಟರೆ ಊರ ನಾಯಿಗಳೆಲ್ಲ ಬೊಗಳುತ್ತ ಅಟ್ಟಿಸಿಕೊಂಡು ಹೋಗುತ್ತಿದ್ದವು. ಅವೆಲ್ಲ ತನ್ನ ಅಭಿಮಾನಿಗಳು ಅನ್ನುತ್ತಿದ್ದ.

ಕೊರೋನಾ ಬಂದಾಗ ಗೋದಾಮಿನ ಲೆಕ್ಕಪತ್ರದ ಕೆಲಸವನ್ನು ನಾನು ಮನೆಯಿಂದಲೇ ಮಾಡಬೇಕಾಯಿತು. ವೈಫೈ ಡಬ್ಬ ಇದ್ದದ್ದು ಮುಂದಿನ ಜಗುಲಿಯಲ್ಲಿ. ನಾನು ಕೂರುತ್ತಿದ್ದದ್ದು ಹಿಂದೆ, ಮೊದಲು ರಾಗಿ ತುಂಬಿಡುತ್ತಿದ್ದ ಕೋಣೆಯಲ್ಲಿ. ನಮ್ಮದು ದಪ್ಪ ಮಣ್ಣಿನ ಗೋಡೆಗಳ ಮನೆ, ಸಿಗ್ನಲ್ಲು ನಡುಮನೆಯಲ್ಲೇ ಪ್ರಾಣ ಬಿಡುತ್ತಿತ್ತು. ಮೀಟಿಂಗಿನ ನಡುವೆ ಮಾತು ಕಡಿದುಹೋಗಿ ಸಾಹೇಬರಿಂದ ಬೈಸಿಕೊಂಡ ಮೇಲೆ, ವೈರು ಎಳೆದುಕೊಡು ಅಂತ ಅವನಿಗೆ ಫೋನು ಮಾಡಿದೆ.

ಬಂದವನು ಜಗುಲಿಯ ಮೇಲೆ ನಿಂತು ಕತ್ತು ಚಾಚಿ ಒಳಗೆ ನೋಡಿದ. ನಡುಮನೆ, ಅಡುಗೆಮನೆ, ಅದರಾಚೆ ನನ್ನ ಕೋಣೆ. ಗೋಡೆಯಲ್ಲಿ ತೂತು ಹೊಡೆದು ನೇರವಾಗಿ ತಂದರೆ ಬೇಗ ಮುಗಿಯುವ ಕೆಲಸ. ಆದರೆ ಅವನ ಕೇರಿಯವರು ನಮ್ಮ ಮನೆಯಲ್ಲಿ ಜಗುಲಿ ದಾಟಿ ಒಳಗೆ ಬಂದದ್ದಿಲ್ಲ. ಅಜ್ಜನ ಕಾಲದಲ್ಲೂ ಇಲ್ಲ, ಆಗಲೂ ಇಲ್ಲ. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಸೆರಗು ಸರಿ ಮಾಡಿಕೊಳ್ಳುತ್ತ ನಿಂತಿದ್ದಳು, ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅವನೇ ಹೇಳಿಬಿಟ್ಟ.

“ಒಳಗೆಲ್ಲ ಧೂಳಾಗ್ತದೆ ಕಣೋ. ಹೊರಗಡೆಯಿಂದ್ಲೇ ಸುತ್ತಾಕ್ಕೊಂಡ್ ತರ್ತೀನಿ ಬಿಡು.”

ನನಗೆ ಆ ಕ್ಷಣ ನಾಚಿಕೆಯಾಗಲಿಲ್ಲ. ಹಾಯೆನಿಸಿತು. ಹಾಗೆ ಹಾಯೆನಿಸಿದ್ದು ನೆನಪಾದರೆ ಈಗ ಮೈ ಹಿಡಿಯಷ್ಟಾಗುತ್ತದೆ.

ಸೂರಿನ ಕೆಳಗಿನಿಂದ, ದನದ ಕೊಟ್ಟಿಗೆಯ ಬೆನ್ನಿನಿಂದ, ಬಚ್ಚಲುಮನೆಯನ್ನು ಬಳಸಿಕೊಂಡು ಮಧ್ಯಾಹ್ನವೆಲ್ಲ ಬಿಸಿಲಲ್ಲಿ ವೈರು ಎಳೆದ. ಇದು ಒಳಗೆ ಹಾಕುವ ವೈರು, ಬಿಸಿಲಿಗೆ ಬಹಳ ಕಾಲ ಬಾಳುವುದಿಲ್ಲ ಅಂತಲೂ ಹೇಳಿದ. ಕೊನೆಗೆ ತುದಿಗೆ ಪಿನ್ನು ಒತ್ತಿ, ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ, ನೀನೇ ಚುಚ್ಚಿಕೋ ಅಂದ. ಒಳಗಿನಿಂದ ನಾನು ತೆಗೆದುಕೊಂಡು ಕಂಪ್ಯೂಟರಿಗೆ ಚುಚ್ಚಿದೆ. ನೆಟ್ಟು ಬಂತು. ಅಮ್ಮ ಕೊರೋನಾ ಅಂತ ಹೇಳಿ ಅವನಿಗೆ ಪೇಪರ್ ಲೋಟದಲ್ಲಿ ಕಾಫಿ ಕೊಟ್ಟಳು. ಅವತ್ತು ಬೆಳಿಗ್ಗೆ ಬಂದಿದ್ದ ಡೇರಿ ಸೆಕ್ರೆಟರಿಗೆ ಕೊಟ್ಟದ್ದು ಸ್ಟೀಲ್ ಲೋಟದಲ್ಲೇ.

“ಅಮ್ಮೋರು ಮಾಡ್ರನ್ ಆಗ್ಬಿಟ್ಟವ್ರೆ ಗುರು,” ಅಂದು ಕುಡಿದು, ಲೋಟವನ್ನು ಮುದುರಿ ತನ್ನ ಜೇಬಿಗೇ ಹಾಕಿಕೊಂಡು ಹೋದ.

ಹೋದ ವರ್ಷ ಕಾಮಾಲೆ ಅಂದರು, ನಾಟಿ ಔಷಧಿ ಅಂದರು, ದೊಡ್ಡಾಸ್ಪತ್ರೆ ಅನ್ನುವಷ್ಟರಲ್ಲಿ... ಮಣ್ಣು ಮಾಡಿದ ಮಾರನೆಯ ದಿನ ಅವನ ಮನೆಗೆ ಹೋದೆ. ಅಷ್ಟು ವರ್ಷದ ಸ್ನೇಹದಲ್ಲಿ ಅದೇ ಮೊದಲ ಸಲ. ಬಾಗಿಲಲ್ಲೇ ನಿಂತಿದ್ದ ನನ್ನ ಕೈಯನ್ನು ಅವನ ತಾಯಿ ಹಿಡಿದುಕೊಂಡರು. “ಬಾಗ್ಲಲ್ ಯಾಕ್ ನಿಂತೆ, ಒಳಕ್ ಬಾಪ್ಪ,” ಅಂದು ಕರೆದೊಯ್ದು ಒಲೆಯ ಪಕ್ಕದ ಗೋಡೆಗೆ ಒರಗಿಸಿ ಕೂರಿಸಿದರು. ಅವನ ಮನೆಯ ವೈರು ಆ ಗೋಡೆಯಲ್ಲಿ ನೇರವಾಗಿ ಹಾದುಹೋಗಿತ್ತು.

ಮೊನ್ನೆ ನಮ್ಮ ವೈರು ಬದಲಿಸಲು ಹೊಸಬನೊಬ್ಬ ಬಂದ. ಮನೆಯ ಸುತ್ತ ನೋಡಿಕೊಂಡು ಬಂದು ನಕ್ಕ.

“ಯಾರ್ ಸಾರ್ ಇದನ್ನ ಹಿಂಗ್ ಸುತ್ಸಿರೋದು? ಕೆಲ್ಸ ಬರ್ದೇ ಇರೋನು.”

ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು ಅನ್ನಬೇಕಿತ್ತು. ಅನ್ನಲಿಲ್ಲ. ಅಡುಗೆಮನೆಯಿಂದಲೇ ನೇರವಾಗಿ ತಗೊಳ್ಳಿ ಅಂದೆ, ಏನೋ ದೊಡ್ಡದನ್ನು ಮಾಡುತ್ತಿರುವವನ ಹಾಗೆ. ಅಮ್ಮ ನನ್ನನ್ನು ಪಕ್ಕಕ್ಕೆ ಕರೆದು, ತಗ್ಗಿದ ದನಿಯಲ್ಲಿ, ಯಾರ ಪೈಕಿಯಂತೆ ಅಂತ ಕೇಳಿದಳು.

“ಕೇಳಿಲ್ಲಮ್ಮ,” ಅಂದೆ.

ಕೇಳಿದ್ದೆ. ಬರಹೇಳುವ ಮೊದಲೇ, ಫೋನಿನಲ್ಲೇ, ಯಾವೂರು, ಯಾರ ಪೈಕಿ ಅಂತ ಮಾತಿನ ನಡುವೆ ಕೇಳಿ, ನಮ್ಮವರೇ ಎಂದು ಗೊತ್ತಾದ ಮೇಲೆಯೇ ಬನ್ನಿ ಅಂದಿದ್ದೆ. ನನ್ನ ಗೆಳೆಯ ಬದುಕಿದ್ದು, ಮೊನ್ನೆ ಅವನೇ ಏಣಿ ಹೊತ್ತು ಬಂದಿದ್ದರೆ ಈ ವೈರು ಮತ್ತೆ ಮನೆ ಸುತ್ತಿಕೊಂಡೇ ಬರುತ್ತಿತ್ತು. ಅವನು ಧೂಳಾಗ್ತದೆ ಅನ್ನುತ್ತಿದ್ದ, ನಾನು ಹೂಂ ಅನ್ನುತ್ತಿದ್ದೆ.