ಬಸ್ಸಿಗೊಂದು ಕಾಲಂ

ಅಂಕಿಅಂಶಗಳನ್ನು ಚಿತ್ರವಾಗಿ ತೋರಿಸಲು ಕಲಿಸುವ ಬಿಸಿನೆಸ್ ಇಂಟೆಲಿಜೆನ್ಸ್ ತರಗತಿಗೆ ನನ್ನ ಸಹಪಾಠಿಯೊಬ್ಬಳು ಬಂದಳೆಂದರೆ ಅರ್ಧ ಪಾಠ ಮುಗಿದಿದೆ ಎಂದೇ ಅರ್ಥ. ದೇವಸಮುದ್ರದಿಂದ ಮೊಳಕಾಲ್ಮೂರಿಗೆ ಒಂದು ಬಸ್ಸು, ಅಲ್ಲಿಂದ ಚಳ್ಳಕೆರೆಯ ನಮ್ಮ ಕಾಲೇಜಿಗೆ ಇನ್ನೊಂದು. ಕೂತವಳೇ ವೇಲಿನ ತುದಿಯಿಂದ ಲ್ಯಾಪ್‌ಟಾಪಿನ ಧೂಳು ಒರೆಸುತ್ತ, "ನಾಳೆ ಬಸ್ಸು ಬಂದ್ರೆ ಬೇಗ ಬರ್ತೀನಿ ಕಣೇ" ಎನ್ನುವಳು. ನಾಳೆಯ ಬಸ್ಸೂ ಇವತ್ತಿನ ಬಸ್ಸಿನಂಥದ್ದೇ.

ಅಂಕಿಗಳಿಗೆ ಬಣ್ಣ ಕೊಡುವುದರಲ್ಲಿ ಅವಳ ಕಣ್ಣು ನಮ್ಮೆಲ್ಲರಿಗಿಂತ ಚುರುಕು. ಅದಕ್ಕೇ ಇಡೀ ಕ್ಲಾಸಿನ ಹಾಜರಿ ತೋರಿಸುವ ಡ್ಯಾಶ್‌ಬೋರ್ಡ್ ಮಾಡುವ ಕೆಲಸವನ್ನು ಮೇಷ್ಟ್ರು ಅವಳಿಗೇ ಒಪ್ಪಿಸಿದರು. ಪ್ರತಿ ವಿದ್ಯಾರ್ಥಿಗೂ ಒಂದು ಚುಕ್ಕೆ; ತಪ್ಪದೆ ಬರುವವರಿಗೆ ಹಸಿರು, ಹಿಂದೆ ಬಿದ್ದವರಿಗೆ ಕೆಂಪು. ಮುಗಿಸುವ ಮೊದಲು ಅವಳು ಕೇಳಿದ್ದು ಒಂದೇ.

"ಸರ್, ಬಸ್ಸಿಗೊಂದು ಕಾಲಂ ಹಾಕ್ಲಾ? ಯಾವತ್ತು ತಡ, ಯಾವತ್ತು ಬರಲೇ ಇಲ್ಲ ಅನ್ನೋದೆಲ್ಲ ನನ್ನ ಹತ್ರ ಐತೆ."

"ಅದು ಡೇಟಾ ಅಲ್ಲಮ್ಮ, ನೆಪ" ಎಂದರು ಮೇಷ್ಟ್ರು.

ಡ್ಯಾಶ್‌ಬೋರ್ಡನ್ನು ದೊಡ್ಡ ಪರದೆಯ ಮೇಲೆ ಹಾಕಿದ ದಿನ ಹಸಿರಿನ ನಡುವೆ ಒಂದೇ ಒಂದು ಕೆಂಪು ಚುಕ್ಕೆ ಇತ್ತು. ಅದು ಅವಳದೇ. ಎಲ್ಲರೂ ಚಪ್ಪಾಳೆ ತಟ್ಟಿದೆವು. "ಕೆಂಪು ಚೆನ್ನಾಗಿ ಎದ್ದು ಕಾಣ್ತೈತೆ ಅಲ್ವೇನೇ?" ಎಂದು ಅವಳು ನನ್ನ ಕಿವಿಯಲ್ಲಿ ಕೇಳಿದಳು.

ವಾರದೊಳಗೆ, ಹಾಜರಿ ಸಾಲದೆಂದು ಅವಳನ್ನು ಪರೀಕ್ಷೆಗೆ ಕೂರಲು ಬಿಡಲಿಲ್ಲ. ಆಮೇಲೆ ಅವಳು ಕಾಲೇಜಿಗೆ ಬರಲಿಲ್ಲ. ಪಟ್ಟಿಯಿಂದ ಹೆಸರನ್ನೂ ತೆಗೆದರು.

ಮುಂದಿನ ಸೆಮಿಸ್ಟರಿನಲ್ಲಿ ವಿಶ್ವವಿದ್ಯಾಲಯದ ತಂಡ ಕಾಲೇಜು ನೋಡಲು ಬಂತು. ಮೇಷ್ಟ್ರು ಅವಳು ಮಾಡಿದ ಅದೇ ಡ್ಯಾಶ್‌ಬೋರ್ಡ್ ತೆರೆದು ಹೆಮ್ಮೆಯಿಂದ ಹೇಳಿದರು: "ನೋಡ್ರಿ ಸರ್, ಇದನ್ನ ಹಾಕಿದ ಮೇಲೆ ಒಂದು ಕೆಂಪೂ ಇಲ್ಲ."