ಗುಡ್ಡ ಹತ್ತಿಸದೆ ಪಳಗಿಸಿದ ಕಾರು

ಅವರ ನಿಜವಾದ ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ಮೂವತ್ತನಾಲ್ಕು ವರ್ಷ ಶಾಲೆಯ ಬಸ್ಸು ಓಡಿಸಿ, ಒಂದು ಮಗುವಿನ ಮೊಣಕಾಲೂ ತರಚದಂತೆ ಮನೆ ಮುಟ್ಟಿಸಿದ ಮನುಷ್ಯ. ಅದಕ್ಕೆ ಆ ಮಕ್ಕಳೇ ಇಟ್ಟ ಹೆಸರು ನಿಧಾನಪ್ಪ. ಸೈಕಲ್ಲಿನವರು ಕೂಡ ಅವರ ಬಸ್ಸನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಒಳಗಿದ್ದ ಮಕ್ಕಳು ಹೋ ಎಂದು ಕೂಗಿದರೆ, “ಹೋಗ್ಲಿ ಬಿಡ್ರೋ, ಅವ್ರಿಗೇನೋ ಅರ್ಜೆಂಟು” ಎನ್ನುತ್ತಿದ್ದರಂತೆ.

ಶಾಲೆಗೆ ಹೊಸ ಬಸ್ಸು ಬಂದರೆ ಮೊದಲ ಮೂರು ತಿಂಗಳು ಅದರ ಸ್ಟೀರಿಂಗನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಹೊಸ ಎಂಜಿನ್ನಿನ ಒಳಗಿನ ಭಾಗಗಳು ಒಂದಕ್ಕೊಂದು ಉಜ್ಜಿ, ಹೊಂದಿಕೊಂಡು ಸೆಟ್ ಆಗಬೇಕು. ಅಲ್ಲಿಯವರೆಗೆ ಅದನ್ನು ಎಳೆಗೂಸಿನ ಹಾಗೆ ನೋಡಿಕೊಳ್ಳಬೇಕು. ನಲವತ್ತರ ಮೇಲೆ ಓಡಿಸಬಾರದು, ಭಾರ ಹೇರಬಾರದು, ಏರು ಹತ್ತಿಸಬಾರದು. ಇದು ಅವರಿಗೆ ಕೆಲಸ ಕಲಿಸಿದ ಹಿರಿಯ ಡ್ರೈವರು ಹೇಳಿಕೊಟ್ಟ ಪಾಠ. ಹಾಗೆ ಪಳಗಿಸಿದ ಬಸ್ಸುಗಳು ಹತ್ತು ವರ್ಷವಾದರೂ ಉಳಿದವಕ್ಕಿಂತ ಕಡಿಮೆ ಡೀಸೆಲ್ ಕುಡಿಯುತ್ತಿದ್ದವು. ನಿಧಾನಪ್ಪನವರಿಗೆ ಜೀವನದಲ್ಲಿ ಜಂಬ ಅಂತ ಇದ್ದರೆ ಅದೊಂದೇ.

ನಿವೃತ್ತರಾಗಿ ಆರು ವರ್ಷವಾಗಿತ್ತು. ಬೆಳಿಗ್ಗೆ ಎದ್ದರೆ ಕೈಗೆ ಕೆಲಸವಿಲ್ಲ, ಕುಳಿತರೆ ಕಾಲು ತಾನಾಗಿಯೇ ಕ್ಲಚ್ಚು ಹುಡುಕುತ್ತಿತ್ತು. ಅಂಥ ಹೊತ್ತಿನಲ್ಲಿ ಮಗಳ ಚಿಕಿತ್ಸಾಲಯಕ್ಕೆ ಒಂದು ಹೊಸ ಕಾರು ಬಂತು.

ಮಗಳು ನರ್ಸು. ಎದ್ದು ಬರಲಾಗದ ರೋಗಿಗಳ ಮನೆಗೇ ಹೋಗಿ ಗಾಯ ತೊಳೆದು, ಪಟ್ಟಿ ಕಟ್ಟಿ, ಸೂಜಿ ಚುಚ್ಚಿ ಬರುವುದು ಅವಳ ಕೆಲಸ. ಅಷ್ಟು ದಿನ ಬಸ್ಸು, ಕಾಲ್ನಡಿಗೆ. ಊರ ಹಿಂದಿನ ಗುಡ್ಡದ ಮೇಲೆ ಮೂರು ಮನೆಗಳಿದ್ದವು. ಅಲ್ಲಿಗೆ ಹೋಗಿಬರುವುದಕ್ಕೇ ಒಂದು ದಿನ ಹಿಡಿಯುತ್ತಿತ್ತು. ಕಾರು ಕೊಡುವಾಗ ದೊಡ್ಡ ಡಾಕ್ಟರಮ್ಮ ಒಂದು ಮಾತು ಹೇಳಿದ್ದರು: “ನೋಡಮ್ಮ, ತಿಂಗಳಿಗೆ ಒಂದು ಟ್ಯಾಂಕ್ ಪೆಟ್ರೋಲು, ಮೂವತ್ತೈದು ಲೀಟರು. ಅಷ್ಟರಲ್ಲಿ ಎಲ್ಲಾ ಮನೆ ಮುಗೀಬೇಕು. ಮುಗೀದೇ ಇದ್ರೆ ಗುಡ್ಡದ ಮೂರು ಮನೆ ಬಿಡೋದೇ. ಅವ್ರು ಹೇಗೋ ಕೆಳಗಿಳಿದು ಬರ್ಲಿ.”

ಹೇಗೋ ಇಳಿದು ಬರುವವರಾಗಿದ್ದರೆ ನರ್ಸು ಯಾಕೆ ಹತ್ತಿ ಹೋಗಬೇಕಿತ್ತು? ಮಗಳು ಲೆಕ್ಕ ಹಾಕಿದಳು. ಲೀಟರಿಗೆ ಹದಿನಾರು ಕಿಲೋಮೀಟರ್ ಕೊಟ್ಟರೆ ಗುಡ್ಡವೂ ಸೇರಿ ಎಲ್ಲವೂ ಮುಗಿಯುತ್ತದೆ. ಹದಿಮೂರಕ್ಕೆ ಇಳಿದರೆ ಗುಡ್ಡ ಹೋಯಿತು. “ನಮ್ಮಪ್ಪ ಎಂಜಿನ್ ಪಳಗಿಸಿಕೊಡ್ತಾರೆ ಮೇಡಂ. ಹದಿನೆಂಟು ಕೊಟ್ಟರೂ ಕೊಡ್ತು” ಎಂದು ಮಾತು ಕೊಟ್ಟುಬಂದಳು.

ನಿಧಾನಪ್ಪನವರಿಗೆ ಹತ್ತು ವರ್ಷ ಕಡಿಮೆಯಾದಂತಾಯಿತು. ಬೆಳಿಗ್ಗೆ ಆರಕ್ಕೆ ಎದ್ದು ಕಾರು ಶುರು ಮಾಡಿ, ಅದು ಬಿಸಿಯಾಗಲೆಂದು ನಿಂತಲ್ಲೇ ಅರ್ಧ ಗಂಟೆ ಓಡಿಸುತ್ತಿದ್ದರು. ಹಿಂದಿನ ಗಾಜಿಗೆ ಒಂದು ರಟ್ಟು ಅಂಟಿಸಿದ್ದರು: “ಹೊಸ ಗಾಡಿ, ದಯವಿಟ್ಟು ಮುಂದೆ ಹೋಗಿ.” ಆಮೇಲೆ ಕೆರೆಯ ಸುತ್ತಿನ ಸಪಾಟು ರಸ್ತೆಯಲ್ಲಿ, ಒಬ್ಬರೇ, ಮುಳ್ಳು ನಲವತ್ತರ ಮೇಲೆ ಅಲುಗದಂತೆ ಸುತ್ತು ಹಾಕುವುದು. ಪೆಟ್ರೋಲಿಗೆ ತಮ್ಮ ಕೈಯಿಂದಲೇ ಹಾಕಿ, ಸಾವಿರ ಕಿಲೋಮೀಟರ್ ಹೀಗೇ ಸುತ್ತಿದರು. ಅಷ್ಟು ದಿನವೂ ಮಗಳು ಬಸ್ಸಿನಲ್ಲೇ ಓಡಾಡಿದಳು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಸುಮ್ಮನಿರುವವರಲ್ಲ. “ಮೂರು ಹೆತ್ತೆ. ಬಾಣಂತನದಲ್ಲಿ ಒಂದು ದಿನಾನಾದ್ರೂ ನನ್ನ ಹೀಗೆ ನೋಡ್ಕೊಂಡಿದ್ರಾ?”

“ನೀನು ಏರು ಹತ್ತೋದಿತ್ತೇನೇ?”

“ನಿಮ್ಮ ಜೊತೆ ನಲವತ್ತು ವರ್ಷ ಹತ್ತಿದ್ದು ಮತ್ತೇನು, ಸಪಾಟು ರಸ್ತೇನಾ?”

ನಿಧಾನಪ್ಪ ನಕ್ಕು ಬಟ್ಟೆಯಿಂದ ಬಾನೆಟ್ಟು ಒರೆಸಿದರು.

ಮಗಳು ಕಾರು ತೆಗೆದುಕೊಂಡ ಮೇಲೂ ಅವರು ಪಕ್ಕದ ಸೀಟು ಬಿಡಲಿಲ್ಲ. ಅವಳು ಒಂಚೂರು ಒತ್ತಿದರೆ ಸಾಕು, “ಮೆಲ್ಲಗೆ ಪುಟ್ಟಿ, ಮೆಲ್ಲಗೆ” ಎನ್ನುವರು. “ಇನ್ನೊಂದು ಸಾವಿರ ಆಗ್ಲಿ, ಆಮೇಲೆ ಹತ್ತಿಸು” ಎಂದರೆಂದು ಗುಡ್ಡಕ್ಕೆ ಮಾತ್ರ ಅವಳು ನಡೆದೇ ಹೋಗುತ್ತಿದ್ದಳು. ತಿಂಗಳ ಕೊನೆಗೆ ಟ್ಯಾಂಕು ಕತ್ತಿನವರೆಗೆ ತುಂಬಿಸಿ ನೋಡಿದರೆ ಲೀಟರಿಗೆ ಹದಿಮೂರು. “ಹೊಸದರಲ್ಲಿ ಹಾಗೇನೇ. ಸೆಟ್ ಆದ್ಮೇಲೆ ಏರುತ್ತೆ” ಎಂದರು. ಎರಡನೆಯ ತಿಂಗಳೂ ಹದಿಮೂರೇ. ಜೊತೆಗೆ ಆಯಿಲ್ ಕಡ್ಡಿ ಎಳೆದು ನೋಡಿದಾಗ ಎಣ್ಣೆಯೂ ಬೆರಳಗಲ ಇಳಿದಿತ್ತು. ಅವರು ಕಡ್ಡಿಯನ್ನು ಒರೆಸಿ ಮತ್ತೆ ಅದ್ದಿದರು, ಮತ್ತೆ ಎಳೆದರು.

ಅವತ್ತು ಮಗಳು ಚಪ್ಪಲಿ ಬಿಡದೆ ಹೊಸ್ತಿಲ ಮೇಲೆ ಕುಳಿತಳು. “ಮುಂದಿನ ತಿಂಗಳಿಂದ ಗುಡ್ಡ ಬೇಡ ಅಂದ್ರಪ್ಪ. ಕಾರಿಗೆ ಪೆಟ್ರೋಲು ಸಾಲಲ್ಲ, ನಡೆದು ಹೋದ್ರೆ ಇಡೀ ದಿನ ಹೋಗುತ್ತೆ ಅಂತ. ಅಲ್ಲಿ ಆ ಟೈಲರ್ ತಾತ ಇದಾರಲ್ಲ, ಕಾಲಿನ ಗಾಯ ಈಗಷ್ಟೇ ಕೆಂಪಗೆ ಮಾಂಸ ಕಟ್ಟಿದೆ. ಒಂದು ವಾರ ಪಟ್ಟಿ ಬದಲಾಯಿಸ್ಲಿಲ್ಲ ಅಂದ್ರೂ ಮತ್ತೆ ಕೀವು. ಆಮೇಲೆ ಕಾಲು ಉಳಿಯಲ್ಲ.” ಹೆಗಲ ಚೀಲ ಪಕ್ಕಕ್ಕಿಟ್ಟು, “ಎಂಜಿನ್ನೇ ಕೆಟ್ಟದ್ದು ಕೊಟ್ಟಿದಾರೆ ಅಂತ ಡಾಕ್ಟರಮ್ಮ ಕಂಪನಿಗೆ ಕಾಗದ ಬರೀತಾರಂತೆ” ಎಂದಳು.

“ಬರೀಲಿ” ಎಂದುಬಿಟ್ಟರು ನಿಧಾನಪ್ಪ. ಆದರೆ ಆ ರಾತ್ರಿ ಎರಡು ಸಲ ಎದ್ದು ಹೋಗಿ ಆಯಿಲ್ ಕಡ್ಡಿ ಎಳೆದು ನೋಡಿದರು.

ಮರುದಿನ ಯಾರಿಗೂ ಹೇಳದೆ ಕಾರನ್ನು ಗ್ಯಾರೇಜಿಗೆ ಒಯ್ದರು. ಅಲ್ಲಿನ ಮೆಕ್ಯಾನಿಕ್ಕು ಹಿಂದೆ ಅವರ ಬಸ್ಸಿನಲ್ಲೇ ಶಾಲೆಗೆ ಹೋದವನು. ಈಗ ಅವನ ತಲೆಯೂ ನರೆತಿದೆ. ಸೈಲೆನ್ಸರಿನ ಬಾಯಿಗೆ ಬೆರಳು ಹಾಕಿ ಮಸಿ ನೋಡಿದ, ಪ್ಲಗ್ಗು ಬಿಚ್ಚಿ ನೋಡಿದ, ಆಯಿಲ್ ಮೂಸಿದ.

“ಗುರುಗಳೇ, ಇದನ್ನ ಪಳಗಿಸಿದ್ದು ಯಾರು?”

“ಯಾಕೆ?”

“ಯಾರೋ ತುಂಬಾ ಮುದ್ದು ಮಾಡಿದಾರೆ.”

ನಿಧಾನಪ್ಪ ಪಕ್ಕದಲ್ಲಿದ್ದ ಟೈರಿನ ಮೇಲೆ ಕುಳಿತರು. ಅವನು ಕೈ ಒರೆಸಿಕೊಳ್ಳುತ್ತ ಬಿಡಿಸಿ ಹೇಳಿದ. ಪಿಸ್ಟನ್ನಿನ ಸುತ್ತ ಇರುವ ಉಂಗುರಗಳು ಸಿಲಿಂಡರಿನ ಗೋಡೆಗೆ ಗಟ್ಟಿಯಾಗಿ ಒತ್ತಿದರೇನೇ ಸವೆದು ಕೂರುವುದು. ಒತ್ತಬೇಕಾದರೆ ಸ್ವಲ್ಪ ಭಾರ ಬೇಕು, ಏರು ಬೇಕು, ವೇಗ ಹೆಚ್ಚಾಗಬೇಕು, ಕಡಿಮೆಯಾಗಬೇಕು. ಯಾವಾಗಲೂ ಒಂದೇ ವೇಗ, ನಿಂತಲ್ಲೇ ಅರ್ಧ ಗಂಟೆ ಓಡಿಸುವುದು ಎಂದರೆ ಉಂಗುರ ಕೂರುವ ಮೊದಲೇ ಗೋಡೆ ನುಣುಪಾಗಿ ಹೊಳಪು ಕಟ್ಟುತ್ತದೆ. ಆಮೇಲೆ ಎಣ್ಣೆ ಮೇಲೆ ನುಸುಳಿ ಉರಿಯುತ್ತದೆ, ಪೆಟ್ರೋಲಿನ ಬಲ ಕೆಳಗೆ ಸೋರುತ್ತದೆ. “ಅದೊಂದೇ ಕಾರಣ ಅಂತ ಆಣೆ ಮಾಡಿ ಹೇಳಲ್ಲ. ಆದ್ರೆ ನಂಗೆ ಹಾಗನ್ಸುತ್ತೆ.”

“ನನ್ನ ಬಸ್ಸುಗಳು?”

“ನೀವು ಭಾರ ಹಾಕ್ಲಿಲ್ಲ ಅಂದ್ಕೊಂಡ್ರಿ ಗುರುಗಳೇ. ನಾವು ಐವತ್ತು ಜನ ಕೂತಿರ್ತಿದ್ವಲ್ಲ! ಬ್ಯಾಗು ಬೇರೆ.”

ನಿಧಾನಪ್ಪನವರಿಗೆ ನಗು ಬರಲಿಲ್ಲ. ಶಾಲೆಯ ಹತ್ತಿರದ ಏರು ನೆನಪಾಯಿತು. ದಿನಕ್ಕೆ ನಾಲ್ಕು ಸಲ, ಎರಡನೆಯ ಗೇರಿನಲ್ಲಿ, ಮಕ್ಕಳೆಲ್ಲ ಸೇರಿ ‘ಐಸಾ’ ಎನ್ನುತ್ತಿದ್ದ ಏರು. ಅದನ್ನು ಅವರು ಎಂದೂ ಲೆಕ್ಕಕ್ಕೇ ಹಿಡಿದಿರಲಿಲ್ಲ.

“ಈಗ ಸರಿಹೋಗುತ್ತಾ?”

“ಪೂರ್ತಿ ಹೇಳೋಕಾಗಲ್ಲ. ಹೊಸ ಆಯಿಲ್ ಹಾಕ್ತೀನಿ. ಎಂಜಿನ್ ಬಿಸಿಯಾದ್ಮೇಲೆ ಗುಡ್ಡ ಹತ್ತಿಸಿ. ಮೂರನೇ ಗೇರಲ್ಲಿ ಚೆನ್ನಾಗಿ ಒತ್ತಿ, ಕಾಲು ತೆಗೀರಿ, ಮತ್ತೆ ಒತ್ತಿ. ಕನಿಕರ ತೋರಿಸ್ಬೇಡಿ.”

ಮನೆಗೆ ಬಂದಾಗ ಮಗಳು ಪಟ್ಟಿಯ ಸುರುಳಿಗಳನ್ನು ಚೀಲಕ್ಕೆ ಜೋಡಿಸುತ್ತಿದ್ದಳು. ಕಂಪನಿಗೆ ಕಾಗದ ಹೋದರೆ ತಪ್ಪು ಯಾರದೋ ತಲೆಗೆ ಕಟ್ಟಿದಂತೆ. ತಾವು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಹೆಸರು ಉಳಿಯುತ್ತದೆ. ಆದರೆ ಗುಡ್ಡದ ಮನೆಗಳು ಉಳಿಯುವುದಿಲ್ಲ. ಅವರು ನಿಂತುಕೊಂಡೇ ಹೇಳಿದರು: “ಕಾಗದ ಬರೀಬೇಡಿ ಅನ್ನು ಪುಟ್ಟಿ. ಎಂಜಿನ್ ಕೆಟ್ಟದ್ದಲ್ಲ. ಕೆಡಿಸಿದ್ದು ನಾನು.”

ಮಗಳು ತಲೆಯೆತ್ತಿ ನೋಡಿದಳು. ಒಳಗಿನಿಂದ ಹೆಂಡತಿಯೂ ಬಂದು ನಿಂತರು. “ನೀರು ಕುಡೀರಿ ಮೊದ್ಲು” ಎಂದರು ಅಷ್ಟೇ.

ಗುಡ್ಡದ ಬುಡದವರೆಗೆ ನಿಧಾನಪ್ಪನವರೇ ಓಡಿಸಿದರು. ಹಿಂದಿನ ಸೀಟಿನಲ್ಲಿ ಹೆಂಡತಿ, ಔಷಧಿಯ ಪೆಟ್ಟಿಗೆಗಳು, ಭಾರಕ್ಕೆಂದು ಎರಡು ಮರಳಿನ ಚೀಲ. ಏರು ಶುರುವಾಯಿತು. ಅವರು ಒತ್ತಿದರು, ಎಂಜಿನ್ ಸದ್ದು ಏರುತ್ತಿದ್ದಂತೆ ಕಾಲು ತಾನಾಗಿ ಮೇಲೆದ್ದಿತು. ಇನ್ನೊಮ್ಮೆ ಒತ್ತಿದರು, ಮತ್ತೆ ಎದ್ದಿತು. ಮೂವತ್ತನಾಲ್ಕು ವರ್ಷ ಮಕ್ಕಳನ್ನು ಕೂರಿಸಿಕೊಂಡು ಓಡಿಸಿದ ಕಾಲು ಅದು, ಹೇಳಿದ ಮಾತು ಕೇಳುವುದಿಲ್ಲ. ಕಾರು ಬದಿಗೆ ನಿಲ್ಲಿಸಿ, ಇಳಿದು ಬಂದು ಮಗಳ ಬಾಗಿಲು ತೆಗೆದರು.

“ನೀನು ಓಡಿಸು. ನನ್ನ ಕೈಲಾಗಲ್ಲ.”

ಮಗಳು ಓಡಿಸಿದಳು. ಎಂಜಿನ್ ಕೂಗಿದಾಗಲೆಲ್ಲ ಅವರ ಬಲಗಾಲು ಇಲ್ಲದ ಬ್ರೇಕು ಒತ್ತುತ್ತಿತ್ತು. ‘ಮೆಲ್ಲಗೆ’ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದದ್ದನ್ನು ನುಂಗಿಕೊಂಡು, ಎರಡೂ ಕೈಯಿಂದ ಸೀಟು ಹಿಡಿದು ಕುಳಿತರು. ಹಿಂದಿನಿಂದ ಹೆಂಡತಿ, “ಹೊಡಿ ಮಗಳೇ, ನಿಮ್ಮಪ್ಪನ ಮುಖ ನೋಡ್ಬೇಡ” ಎಂದರು.

ಮೇಲಿನ ಮನೆಯಲ್ಲಿ ಟೈಲರ್ ತಾತ ಹೊಲಿಗೆ ಯಂತ್ರದ ಪಕ್ಕದಲ್ಲೇ ಮಂಚ ಹಾಕಿಕೊಂಡಿದ್ದರು. ಮಗಳು ಹಳೆಯ ಪಟ್ಟಿ ಬಿಚ್ಚಿದಳು. ನಿಧಾನಪ್ಪ ನೀರಿನ ಬೋಗುಣಿ ಹಿಡಿದು ನಿಂತರು. ಗಾಯ ಅಂಗೈಯಷ್ಟಿತ್ತು, ಅಂಚಿನಲ್ಲಿ ಹೊಸ ಚರ್ಮ ತೆಳ್ಳಗೆ ಹಬ್ಬಿತ್ತು. “ಹೊಸ ಡ್ರೈವರ್ರಾ?” ಎಂದು ಕೇಳಿದರು ತಾತ. “ಹಳೇ ಡ್ರೈವರು” ಎಂದರು ನಿಧಾನಪ್ಪ.

ಡಾಕ್ಟರಮ್ಮ ಇನ್ನೊಂದು ತಿಂಗಳ ಗಡುವು ಕೊಟ್ಟರು. ತಿಂಗಳಿಡೀ ಕಾರು ಗುಡ್ಡ ಹತ್ತಿತು. ಕೊನೆಗೆ ಟ್ಯಾಂಕು ತುಂಬಿಸಿ ನೋಡಿದರೆ ಹದಿನೈದೂವರೆ. ಹದಿನಾರಕ್ಕೆ ಇನ್ನು ಅರ್ಧ ಬೇಕಿತ್ತು, ಅದು ಬರಲಿಲ್ಲ. ಮೆಕ್ಯಾನಿಕ್ಕು ಇಷ್ಟೇ ಎಂದ. ತಿಂಗಳ ಓಡಾಟದಲ್ಲಿ ಹದಿನೆಂಟು ಕಿಲೋಮೀಟರ್ ಕೊರತೆ.

ನಿಧಾನಪ್ಪ ಮಗಳ ತಿಂಗಳ ಓಡಾಟದ ಪಟ್ಟಿ ತರಿಸಿಕೊಂಡು ಬೆರಳಿಟ್ಟು ಓದಿದರು. ವಾರಕ್ಕೊಮ್ಮೆ ರಕ್ತದ ಮಾದರಿಗಳನ್ನು ಪ್ರಯೋಗಾಲಯಕ್ಕೆ ಮುಟ್ಟಿಸಿ ಬರುವುದಿತ್ತು. ಹೋಗಿಬರಲು ನಾಲ್ಕೂವರೆ ಕಿಲೋಮೀಟರ್. ನಾಲ್ಕು ವಾರಕ್ಕೆ ಹದಿನೆಂಟು.

“ಇದು ನನಗಿರ್ಲಿ” ಎಂದರು.

ಗುಡ್ಡದ ಮನೆಗಳ ಹೆಸರು ಪಟ್ಟಿಯಲ್ಲಿ ಉಳಿಯಿತು. ಈಗ ಪ್ರತಿ ಶುಕ್ರವಾರ ನಿಧಾನಪ್ಪ ಮಂಜುಗಡ್ಡೆ ಇಟ್ಟ ಪುಟ್ಟ ಡಬ್ಬಿಯನ್ನು ಎದೆಗವಚಿಕೊಂಡು ರಸ್ತೆಯ ಅಂಚಿನಲ್ಲಿ ನಡೆಯುತ್ತಾರೆ. ಮಾದರಿ ಅರ್ಧ ಗಂಟೆಯೊಳಗೆ ಮುಟ್ಟಬೇಕು. ಆದ್ದರಿಂದ ಅವತ್ತೊಂದು ದಿನ ಅವರದು ಬಿರುಸು ನಡಿಗೆ. ಅವರ ಬಸ್ಸಿನಲ್ಲಿ ಬೆಳೆದವರು ಗಾಡಿ ನಿಲ್ಲಿಸಿ “ಹತ್ತಿ, ಬಿಡ್ತೀವಿ” ಎಂದರೆ, ನಿಲ್ಲದೆಯೇ ಕೈಯಾಡಿಸಿ ಮುಂದೆ ಹೋಗಿ ಎನ್ನುತ್ತಾರೆ.